ಒಣಗಿಸಿಟ್ಟ ಪಟ್ಟಿಗಳು

ಮಾರ್ಚ್ 3
ಮತ್ತದೇ ಕೆಲಸ. ದಾನವಾಗಿ ಬಂದ ರಕ್ತನಾಳದ ಪಟ್ಟಿ, ಎರಡು ತುದಿಗೆ ಕ್ಲ್ಯಾಂಪ್, ಹರಿಯುವವರೆಗೆ ಎಳೆಯುವುದು. ಎಷ್ಟು ಬಲಕ್ಕೆ ಹರಿಯಿತೋ ಆ ಅಂಕಿ ನನ್ನ ಕಂಪ್ಯೂಟರ್ ಮಾಡೆಲ್‌ಗೆ. ಹದಿನೇಳನೆಯದೂ ಗಟ್ಟಿ. ಕಳೆದ ವಾರ ಅಕ್ಕನ ಸ್ಕ್ಯಾನನ್ನೂ ಅದಕ್ಕೇ ಹಾಕಿದ್ದೆ — ಅವಳ ಹೊಟ್ಟೆಯಲ್ಲಿ ಉಬ್ಬಿದ ರಕ್ತನಾಳ ಒಡೆಯದೆ ತಡೆಯುತ್ತದೆ ಎಂದಿತು. ಡಾಕ್ಟರು ಅದನ್ನು ನೋಡಿ ಆಪರೇಷನ್ ಆರು ತಿಂಗಳು ಮುಂದೂಡಿದ್ದಾರೆ.
ಅಕ್ಕ ಫೋನಿನಲ್ಲಿ: "ನಿನ್ನ ಓದು ಕೊನೆಗೂ ಒಬ್ರ ಹೊಟ್ಟೆ ಉಳಿಸ್ತು ನೋಡೇ, ಕತ್ತರಿಯಿಂದ."

ಮಾರ್ಚ್ 9
ಬೇರೆ ಲ್ಯಾಬಿನವರ ಮೇಲ್. ಅವರ ಪಟ್ಟಿಗಳು ನಮ್ಮದರ ಅರ್ಧ ಬಲಕ್ಕೇ ಹರಿದಿವೆ. ಉಪ್ಪುನೀರಿನಲ್ಲೇ ಮುಳುಗಿಸಿ ಎಳೆಯುತ್ತಾರಂತೆ. ನನ್ನ ಪಿಎಚ್‌ಡಿ ಗೈಡ್ ನಕ್ಕರು. "ಅವರಿಗೆ ಎಳೆಯೋಕೆ ಬರಲ್ಲ ಬಿಡಮ್ಮ." ಮೈ ಉರಿಯಿತು. ಅರ್ಧ ಎಂದರೆ ನಗುವ ವಿಷಯವೇ?

ಮಾರ್ಚ್ 10, ಮಧ್ಯಾಹ್ನ
ನಾನೂ ನೀರಿನಲ್ಲೇ ಎಳೆದೆ. ಅರ್ಧಕ್ಕೇ ಹರಿಯಿತು. ಇನ್ನೊಂದು — ಅದೂ. ಒಣಗಿದರೆ ಗಟ್ಟಿ, ಅಷ್ಟೇ. ಮೈಯೊಳಗೆ ಯಾವ ನಾಳ ಒಣಗಿರುತ್ತದೆ? ಅಕ್ಕನ ಲೆಕ್ಕ ಮತ್ತೆ ಹಾಕಿದೆ. ತಡೆಯುವುದಿಲ್ಲ.
ಟೆಕ್ನಿಷಿಯನ್ ಮೇಲೆ ಹರಿಹಾಯ್ದೆ. ಪಟ್ಟಿಗಳನ್ನು ಒಣಗಿಸು ಎಂದವರು ಯಾರು? ಆತ ಲಾಗ್ ಪುಸ್ತಕ ತೆರೆದು ಮುಂದಿಟ್ಟ. "ಕ್ಲ್ಯಾಂಪಿನಿಂದ ಜಾರುತ್ತಿವೆ. ಒರೆಸಿ, ಅರ್ಧ ಗಂಟೆ ಬ್ಲಾಟಿಂಗ್ ಪೇಪರ್ ಮೇಲಿಡಿ." ನನ್ನದೇ ಅಕ್ಷರ. ಕೆಳಗೆ ನನ್ನದೇ ಸಹಿ.
ಜಾರಬಾರದೆಂದು... ಅಷ್ಟಕ್ಕೇ! ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು.

ಸಂಜೆ 4
ಗೈಡ್: "ನಮ್ಮ ಪೇಪರ್ ಜರ್ನಲ್‌ನಲ್ಲಿ ಅಚ್ಚಾಗ್ಲಿ, ಆಮೇಲೆ ತಿದ್ದಿದ್ರಾಯ್ತು. ಅಲ್ಲೀವರೆಗೂ ಬಾಯ್ಮುಚ್ಕೊಂಡಿರು."
"ನಮ್ಮಕ್ಕನ ನಾಳಕ್ಕೂ ನೀವೇ ಹೇಳಿ ಸರ್, ಅಲ್ಲೀವರೆಗೂ ಸುಮ್ನಿರು ಅಂತ."
ಬಾಗಿಲು ಬಡಿದು ಬಂದೆ. ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ತಕ್ಷಣ ಅಡ್ಮಿಟ್ ಮಾಡಿ ಎಂದರು.

ಮಾರ್ಚ್ 13
ಮೂರು ದಿನದಿಂದ ಗೋಗರೆಯುತ್ತಿದ್ದೇನೆ. ಅಕ್ಕ ಬರುವುದಿಲ್ಲವಂತೆ. "ನೀನೇ ತಾನೆ ತಡೆಯತ್ತೆ ಅಂದಿದ್ದು? ಈಗ ಡಾಕ್ಟ್ರು ನಿನ್ನನ್ನೂ ಹೆದರಿಸಿದಾರೆ." ತಪ್ಪು ನನ್ನದು ಕಣೇ ಎಂದು ಕಿರುಚಿದೆ. ನಕ್ಕಳು. "ಲೆಕ್ಕದಲ್ಲಿ ನೀನು ತಪ್ಪು ಮಾಡೋವ್ಳಾ? ಚಿಕ್ಕಂದಿನಿಂದ ನೋಡಿಲ್ವಾ."
ಹಟಮಾರಿ. ಅವಳ ಮೇಲೆ ಬಂದ ಸಿಟ್ಟಿಗೆ ಊಟ ಸೇರಲಿಲ್ಲ.

ಮಾರ್ಚ್ 14, ಬೆಳಗ್ಗೆ 8, ಬಸ್ಸಿನಲ್ಲಿ
ಲಾಗ್ ಪುಸ್ತಕ ಬ್ಯಾಗಿನಲ್ಲಿದೆ. ಕೇಳದೆ ಎತ್ತಿಕೊಂಡು ಬಂದೆ. ಗೈಡ್ ಏನು ಬೇಕಾದರೂ ಮಾಡಿಕೊಳ್ಳಲಿ. ಅಕ್ಕನ ಮುಂದೆ ಆ ಪುಟ ತೆರೆದಿಡುತ್ತೇನೆ. ಇದು ಯಾರ ಸಹಿ, ನೀನೇ ಓದು ಎನ್ನುತ್ತೇನೆ. ಬರದಿದ್ದರೆ ಎಳೆದುಕೊಂಡಾದರೂ ಹೋಗುತ್ತೇನೆ.
ಅಕ್ಕನ ಮನೆಗೆ ಇನ್ನು ಎರಡೇ ಸ್ಟಾಪ್. ಭಾವನ ಫೋನ್ ಬರುತ್ತಿದೆ. ಭಾವ ನನಗೆ ಎಂದೂ ಫೋನ್ ಮಾಡುವವರಲ್ಲ, ಏನಿದ್ದರೂ ಅಕ್ಕನೇ—