ಭಾವನ ಜೇಡಿಮಣ್ಣು

ಮಾರ್ಚ್ ೧೪, ಗುರುವಾರ

ಭಾವನ ಮೇಲೆ ನನಗೆ ಅನುಮಾನವಿದೆ. ಅವರ ಮನೆಯ ಅನ್ನ ತಿನ್ನುತ್ತಾ ಇದನ್ನು ಇಲ್ಲಿ ಬರೆದುಕೊಳ್ಳಲೂ ಇಷ್ಟು ದಿನ ನಾಚಿಕೆಯಾಗುತ್ತಿತ್ತು. ಅವರ ಸಂಶೋಧನಾ ವಿದ್ಯಾರ್ಥಿಗಳ ಲೇಖನಗಳನ್ನು ಟೈಪ್ ಮಾಡಿ ಪತ್ರಿಕೆಗಳಿಗೆ ಕಳಿಸುವುದು ನನ್ನ ಕೆಲಸ. ವಿದ್ಯಾರ್ಥಿಗಳು ಸೇತುವೆಯ ಬಗ್ಗೆ ಬರೆಯಲಿ, ಬಾವಿಯ ಬಗ್ಗೆ ಬರೆಯಲಿ, ಕೊನೆಯಲ್ಲಿ ಭಾವನ ಹಳೆಯ ಜೇಡಿಮಣ್ಣಿನ ಲೇಖನಗಳ ಉಲ್ಲೇಖ ಇರಲೇಬೇಕು. ಭಾವ ಪಾಠ ಮಾಡುವ ಕಾಲೇಜಿನಲ್ಲಿ, ಹೀಗೆ ಎಷ್ಟು ಕಡೆ ಹೆಸರು ಬಂದಿದೆ ಎಂದು ಎಣಿಸಿಯೇ ಬಡ್ತಿ ಕೊಡುತ್ತಾರಂತೆ.

ಇವತ್ತು ಒಬ್ಬ ವಿದ್ಯಾರ್ಥಿನಿ ಆ ಸಾಲುಗಳನ್ನು ಹೊಡೆದುಹಾಕಿ, ‘ಇವನ್ನು ನಾನು ಓದಿಲ್ಲ’ ಎಂದು ಪಕ್ಕದಲ್ಲಿ ಬರೆದಿದ್ದಳು.

“ಮತ್ತೆ ಸೇರ್ಸಿ ಕಳ್ಸಪ್ಪ. ಅವಳಿಗೆ ಹೇಳೋದೇನೂ ಬೇಡ” ಅಂದರು ಭಾವ.

“ಅವಳೇ ಬೇಡ ಅಂದಿದ್ದಾಳಲ್ಲ ಭಾವ.”

“ಹತ್ತನೇ ಕ್ಲಾಸು ಮುಗಿಸ್ದೋನು ನಂಗೆ ಸಂಶೋಧನೆ ಹೇಳ್ಕೊಡ್ತೀಯಾ?”

“ಮುಗಿಸಿಲ್ಲ ಭಾವ. ಅರ್ಧಕ್ಕೇ ಬಿಟ್ಟಿದ್ದು.”

ಅವರು ನಕ್ಕರು. ಅಕ್ಕ ನಗಲಿಲ್ಲ. ಪಾತ್ರೆ ಒರೆಸುತ್ತಾ, “ಸುಮ್ನೆ ಸೇರ್ಸಿಬಿಡೋ, ಯಾರು ನೋಡ್ತಾರೆ” ಅಂದಳು.

ಹಾಗಾದರೆ ಅವಳಿಗೂ ಗೊತ್ತು. ಯಾವಾಗಿನಿಂದ? ಓದಿದವರು ಇಷ್ಟು ಜನ ಇರುವಾಗ ಈ ಕೆಲಸಕ್ಕೆ ಅಕ್ಕ ನನ್ನನ್ನೇ ಕರೆಸಿಕೊಂಡದ್ದು ತಮ್ಮನೆಂಬ ಪ್ರೀತಿಗೆ ಎಂದುಕೊಂಡಿದ್ದೆ. ಓದದವನು ಪ್ರಶ್ನೆ ಕೇಳುವುದಿಲ್ಲ ಎಂದಿರಬಹುದೇ? ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಮೊದಲು ಬಡಿಸುತ್ತಿದ್ದಳಲ್ಲ, ಈಗ ಅದರ ಮೇಲೂ ಅನುಮಾನ. ಇದು ಮಾತ್ರ ಸುಳ್ಳಾಗಲಿ.

ಲೇಖನವನ್ನು ಆ ಹುಡುಗಿ ತಿದ್ದಿದಂತೆಯೇ ಕಳಿಸಿಬಿಟ್ಟೆ. ಭಾವನಿಗೆ ಬೆಳಿಗ್ಗೆ ನಾನೇ ಹೇಳುತ್ತೇನೆ. ಬಟ್ಟೆ ತುಂಬಿಕೊಂಡಾಗಿದೆ. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ.