ಒಡಪಿನಲ್ಲಿ ಕೊಟ್ಟ ಜಾಗ

3 ಫೆಬ್ರುವರಿ 1978, ಶುಕ್ರವಾರ

ಲೈಬ್ರರಿ ಸ್ಯಾಂಕ್ಷನ್ ಆಯಿತು, ಅದರ ಪ್ಲಾನ್ ಬರೆಯುವವರು ನಮ್ಮವರೇ! ಚಹಾ ಸೋಸುತ್ತಿದ್ದೆ. ಇವರು ನಗರಪಾಲಿಕೆಯಿಂದ ಬಂದವರು ಬಾಗಿಲಲ್ಲೇ ಹೇಳಿದರು. ಅರ್ಧ ಚಹಾ ಕಟ್ಟೆಯ ಮೇಲೆ! ಡೊಂಬಿವಲಿಗೆ ದೊಡ್ಡ ಸಾರ್ವಜನಿಕ ಲೈಬ್ರರಿ, ಅದೂ ಎರಡು ಮಹಡಿ! ನೆಲದ ಮೇಲೆಯೇ ಡ್ರಾಯಿಂಗ್ ಶೀಟ್ ಹಾಸಿದೆವು. ಮಕ್ಕಳ ಕೋಣೆಗೆ ಗಿಡ್ಡ ಕಪಾಟು ಎಂದೆ — ಬರೆದರು. ಕಿಟಕಿಯ ಕೆಳಗೆ ಕೂರಲು ಕಟ್ಟೆ ಎಂದೆ — ಅದನ್ನೂ ಬರೆದರು! ಮದುವೆಯಾದ ಮೇಲೆ ಇಷ್ಟು ರೊಮ್ಯಾಂಟಿಕ್ ಸಂಜೆ ಇದೇ ಮೊದಲು.

ಒಂದೇ ತೊಂದರೆ. ಜಾಗವಿಲ್ಲ. ಸ್ಟೇಷನ್ ಹತ್ತಿರವೇ ಆಗಬೇಕು, ಲೋಕಲ್ ರೈಲು ಇಳಿದವರು ಮನೆಗೆ ಹೋಗುವ ಮೊದಲು ಒಳಗೆ ಬರುವಂತಿರಬೇಕು. ಅಲ್ಲಿ ಅಂಗೈಯಗಲ ನೆಲವೂ ಖಾಲಿ ಇಲ್ಲ. ಈ ತಿಂಗಳು ಜಾಗ ಸಿಗದಿದ್ದರೆ ಗ್ರ್ಯಾಂಟ್ ಬೇರೆ ಊರಿಗಂತೆ...

5 ಫೆಬ್ರುವರಿ, ಭಾನುವಾರ

ಏನು ಮಾಡಿಬಿಟ್ಟೆ!

ಕನ್ನಡ ಸಂಘದಲ್ಲಿ ಅರಿಶಿನ-ಕುಂಕುಮ. ಲೈಬ್ರರಿ ಸಮಿತಿಯವರನ್ನೂ ಕರೆದಿದ್ದರು. ಹೊಸ ಸೊಸೆ ಪ್ರಾಸದ ಒಡಪು ಕಟ್ಟಿಯೇ ಗಂಡನ ಹೆಸರು ಹೇಳಬೇಕು. ಕಾನ್ವೆಂಟಿನಲ್ಲಿ ಓದಿದ ನನಗೆ ಎಲ್ಲಿಯ ಒಡಪು? ಸಂಘದ ಅಧ್ಯಕ್ಷ ಮುರುಗೆಪ್ಪ ಕಾಕಾ ಕೆಣಕಿದರು: "ಇಂಗ್ಲಿಷ್ ಸಾಲಿ ಸೊಸಿ! ಎ ಬಿ ಸಿ ಡಿ ಅಂದು ಕೂತಬಿಡ್ತಾಳ ನೋಡ್ರಿ!" ಎಲ್ಲರೂ ನಕ್ಕರು. ಮೈ ಉರಿಯಿತು. ಎದ್ದು ನಿಂತು ಒಂದೇ ಉಸಿರಿಗೆ ಹೇಳಿದೆ:

ಸ್ಟೇಷನ್ ಮುಂದ ನಮ್ಮ ಖಾನಾವಳಿ ಜಾಗಾ,
ಊರಿಗೆಲ್ಲಾ ಓದಾಕ ಕೊಟ್ಟೇವ್ರಿ ಈಗ,
ಶಿವಪುತ್ರಪ್ಪನವರು ಕಟ್ಟತಾರ ಬೇಗ!

ಚಪ್ಪಾಳೆಯೋ ಚಪ್ಪಾಳೆ! ಮರಾಠಿಯವರಲ್ಲೂ ಹೀಗೆ ಹೆಸರು ಹೇಳುವುದಿದೆಯಲ್ಲ, ಅವರೂ ತಟ್ಟಿದರು. ಪ್ರಾಸ ಕೂಡಿದ ಖುಷಿಗೆ ನಾನೂ ನಕ್ಕೆ. ಆಗ ಕಾಕಾ ಎದ್ದರು. "ಇದು ಮುತ್ತೈದಿ ಮಾತು, ನಾಕು ಮಂದ್ಯಾಗ ಆಡಿದ ಮಾತು. ಬರಕೋರಿ." ಸಮಿತಿಯವರು ಬರೆದುಕೊಂಡೇ ಬಿಟ್ಟರು.

ಖಾನಾವಳಿ ಅತ್ತೆಯದು, ಈಗ ಮುಚ್ಚಿದೆ ಅಷ್ಟೆ. ಅವರು ನಾದಿನಿಯ ಬಾಣಂತನಕ್ಕೆ ಅಥಣಿಗೆ ಹೋಗಿದ್ದಾರೆ. ಅವರಿಗೆ ಏನೂ ಗೊತ್ತಿಲ್ಲ.

6 ಫೆಬ್ರುವರಿ, ಬೆಳಿಗ್ಗೆ

ಇವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೂಟು ಹಾಕಿಕೊಳ್ಳುತ್ತ ಅಂದರು: "ಅಪ್ಪ ಹೋದಮ್ಯಾಲೆ ಅವ್ವ ಆ ಒಲಿ ಮುಂದ ಕೂತು ನನ್ನ ಓದಿಸ್ಯಾಳ. ಮೊಣಕಾಲು ನೋವಂತ ಮುಚ್ಚ್ಯಾಳಷ್ಟ. ಮತ್ತ ತಗೀತೀನಿ ಅಂತಾಳ, ಕೀಲಿ ಸೊಂಟದಾಗ ಇಟಗೊಂಡ ಹೋಗ್ಯಾಳ. ಜಾಗಾ ನಂದಲ್ಲ, ನಿಂದೂ ಅಲ್ಲ. ಹೋಗಿ ಇಲ್ಲಂತ ಹೇಳಿ ಬಾ."

ಹೇಳಬೇಕು. ನಾಳೆ ಖಂಡಿತ.

9 ಫೆಬ್ರುವರಿ

ಹೇಳಲಿಲ್ಲ. ಮನೆ ಬಾಗಿಲಿಗೇ ಬಂದರು — ಕಾಕಾ, ಜೊತೆಗೆ ಟೇಪು ಹಿಡಿದ ಇಬ್ಬರು. ಖಾನಾವಳಿಯನ್ನು ಹೊರಗಿನಿಂದ ಅಳೆದು ಬಂದಿದ್ದರು. "ಕಾಕಾ, ಅದು..." ಎಂದೆ. "ದೂರದ ಜಾಗಾದವರಿಗೆ ಬ್ಯಾಡ ಅಂದ ಬಂದೇವವ್ವಾ! ನಿಮ್ಮತ್ತಿ ದೊಡ್ಡ ಮನಸು!" ಎಂದರು. ಇಲ್ಲ ಎನ್ನುವ ಬದಲು ಎಲ್ಲರಿಗೂ ಚಹಾ ಕೊಟ್ಟೆ!

ಇವರ ಪ್ಲಾನ್ ಅಲ್ಲಿ ಎಷ್ಟು ಚೆಂದ ಕೂಡುತ್ತದೆಂದರೆ... ಒಲೆ ಇದ್ದಲ್ಲಿ ಮಕ್ಕಳ ಕೋಣೆ. ಬೆಳಗಿನ ಬಿಸಿಲು ನೇರ ಒಳಗೆ. ನೋಡಿ ಒಂದು ಕ್ಷಣ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ನನ್ನ ಮೇಲೆಯೇ ಅಸಹ್ಯ.

13 ಫೆಬ್ರುವರಿ, ಸೋಮವಾರ

ಇಂದು ಪಕ್ಕದ ಮನೆಯ ಲೋಲಾಕ್ಷಿಯಕ್ಕ ಓಡಿ ಬಂದರು. ಅವರ ಯಜಮಾನರ ಹೋಟೆಲಿಗೆ ಅಥಣಿಯಿಂದ ಅತ್ತೆಯ ಟ್ರಂಕ್ ಕಾಲ್. ಇಲ್ಲಿಂದ ಹೋದ ಯಾರೋ ಅತ್ತೆಗೆ ಒಡಪು ಪೂರ್ತಿ ಹಾಡಿ ತೋರಿಸಿದ್ದಾರೆ!

"ಏನಂದರು ಅಕ್ಕಾ?"

"ಯಾರಿಗೂ ಹೂಂ ಅನ್ಬಾರ್ದಂತೆ, ಊಹೂಂ ಸಹ ಅನ್ಬಾರ್ದಂತೆ. ನಕಾಶೆ ತೆಗೆದಿಡಬೇಕಂತೆ. ಗುರುವಾರ ತಾವೇ ಬಂದು ನೋಡ್ತಾರಂತೆ."

"ಸಿಟ್ಟಿನಲ್ಲಿದ್ದರಾ?"

"ಟ್ರಂಕ್ ಕಾಲಲ್ಲಿ ಎಲ್ಲರದ್ದೂ ಜಗಳದ ಸ್ವರವೇ ಮಾರಾಯ್ತಿ! ಹೇಗೆ ಗೊತ್ತಾಗ್ಬೇಕು?"

ಸ್ಟೇಷನ್ನಿಗೆ ತಾವೇ ಹೋಗುವುದಾಗಿ ಹೇಳಿದರು ಇವರು. ಬೇಡ ಎಂದೆ. ಮಾತು ಕೊಟ್ಟವಳು ನಾನು. ಮನೆ ತಲುಪುವ ಮೊದಲೇ, ಪ್ಲಾಟ್‌ಫಾರ್ಮ್ ಮೇಲೆಯೇ, ಅತ್ತೆಗೆ ನಾನೇ ಹೇಳುತ್ತೇನೆ. ನಕಾಶೆ ಸುತ್ತಿಟ್ಟಿದ್ದೇನೆ. ಅವರು "ಇಲ್ಲ" ಎಂದರೆ ಸಮಿತಿಗೂ ನಾನೇ ಹೋಗಿ ಹೇಳುವುದು. ಗುರುವಾರ ಬೆಳಿಗ್ಗೆ. ಕಲ್ಯಾಣ ಸ್ಟೇಷನ್. ಅತ್ತೆ ಬರುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ —