ಅತ್ತೆಯ ಟೇಪು

ಸೆಪ್ಟೆಂಬರ್ 3, ಸೋಮವಾರ

ಇವತ್ತೂ ಹಳೇ ಟೇಪ್ ರೆಕಾರ್ಡರಿನ ಮೋಟಾರಿಗೆ ಎಣ್ಣೆ. ಹಳೇ ಬೆಲ್ಟ್ ಕೈಯಲ್ಲೇ ಪುಡಿಯಾಯಿತು. ನಲ್ಲಿಯ ರಬ್ಬರ್ ಉಂಗುರ ಹಾಕಿದೆ. ರೀಲು ತಿರುಗುತ್ತಿದೆ, ಸ್ವಲ್ಪ ಕುಂಟುತ್ತಾ... ಹೆಂಡತಿ ಸಾಯ್ರಕಾನ್ ಚಹಾ ತಂದು ಬಾಗಿಲಲ್ಲೇ ನಿಂತಳು.

"ಹದಿನೈದಕ್ಕೆ ಅಕ್ಮೂರ್ ಮದುವೆ. ಅಷ್ಟರೊಳಗೆ ನಮ್ಮಮ್ಮ ಹಾಡ್ತಾಳೋ ಇಲ್ವೋ?"

"ಹಾಡ್ತಾಳೆ ಮಾರಾಯ್ತಿ. ಗಂಟಲು ಸರಿ ಮಾಡ್ತಿದ್ದೀನಿ."

ಹೆಣ್ಣು ಕಳಿಸುವಾಗ ಹಾಡುವ ಕೊಶೋಕ್. ನಮ್ಮ ಮದುವೆಯಲ್ಲಿ ಅತ್ತೆ ಹಾಡಿದ್ದನ್ನು ಮಾವ ಟೇಪು ಮಾಡಿದ್ದರು. ಈಗ ಮೊಮ್ಮಗಳು ಅಕ್ಮೂರ್‌ಗೆ ಇವಳು ಹಾಡಬೇಕು. ಒಂದು ಸಾಲೂ ನೆನಪಿಲ್ಲ. ಅವತ್ತು ಅಳುತ್ತಾ ಕೇಳಿದ್ದಳಲ್ಲ.

ಸೆಪ್ಟೆಂಬರ್ 8

ಬಿಷ್ಕೆಕ್‌ನಿಂದ ಗೆಳೆಯ ಗೆನ್ನಾದಿ ಟೇಪು ಓದುವ ಹೊಸ ಹೆಡ್ ಕಳಿಸಿದ, ಬಸ್ಸಿನಲ್ಲಿ. ಸ್ಟೀರಿಯೊ! ಫೋನಿನಲ್ಲಿ ಬೈದ: "ಹಳೇದು ಚೆನ್ನಾಗೇ ಇದ್ಯಲ್ಲೋ, ಯಾಕೆ ಕೆರೀತೀಯ?" ಕೇಳಲಿಲ್ಲ. ಎಪ್ಪತ್ತೊಂದನೇ ವಯಸ್ಸಿಗಾದರೂ ಮನೆಯಲ್ಲೊಂದು ಸ್ಟೀರಿಯೊ ಇರಲಿ. ಕೆಪಾಸಿಟರ್‌ಗಳೆಲ್ಲ ಬದಲಾದವು. ಎರಡನೇ ಸ್ಪೀಕರೂ ಬಂತು.

ಸೆಪ್ಟೆಂಬರ್ 12, ಬೆಳಿಗ್ಗೆ 10

ಎಡಗಡೆ ಸ್ಪೀಕರಿನಲ್ಲಿ ಅತ್ತೆ ಹಾಡಿದರು. ಅದೇ ದನಿ. ಬಲಗಡೆ — ಯಾರೋ ಗೊಣಗುತ್ತಿದ್ದಾರೆ, ಮಾತೆಲ್ಲ ಹಿಂದುಮುಂದು.

"ಅಯ್ಯೋ, ಅಮ್ಮನ ಪಕ್ಕ ಇದ್ಯಾವ ದೆವ್ವ ಕೂರಿಸಿದ್ರಿ?"

ತಪ್ಪು ನನ್ನದೇ. ಹಳೇ ಹೆಡ್ ಟೇಪಿನ ಅರ್ಧ ಅಗಲವನ್ನಷ್ಟೇ ಓದುತ್ತಿತ್ತು. ಹೊಸದು ಉಳಿದರ್ಧಕ್ಕೂ ಕೈ ಹಾಕಿದೆ. ಅಲ್ಲಿರುವುದು ಮಾವನ ಹಾರೈಕೆಯ ಭಾಷಣ, ಟೇಪು ಮಗುಚಿ ಹಾಕಿ ಕೇಳಬೇಕಾದದ್ದು. ಹಳೇ ಹೆಡ್ ಮತ್ತೆ ಕೂರಿಸಲು ನಾಲ್ಕು ದಿನ ಬೇಕು. ಉಳಿದಿರುವುದು ಮೂರೇ.

ಸಾಯ್ರಕಾನ್ ಎದ್ದು ಬಂದು ಬಲಗಡೆ ಸ್ಪೀಕರಿನ ವೈರು ಕಿತ್ತಳು.

"ಬದುಕಿದ್ದಾಗ್ಲೂ ಅಪ್ಪ ಹೀಗೇ. ಅಮ್ಮನ್ನ ಹಾಡೋಕೆ ಬಿಡ್ತಿರ್ಲಿಲ್ಲ."

ಅತ್ತೆ ಒಬ್ಬರೇ ಉಳಿದರು. ಇವಳು ನೆಲದ ಮೇಲೆ ಕೂತಳು. ಐದು ಸಲ ಕೇಳಿದಳು. ನನ್ನ ಸ್ಟೀರಿಯೊ ಅರ್ಧ ಗಂಟೆಯೂ ಬಾಳಲಿಲ್ಲ... ನಗು ಬಂತು.

ಸೆಪ್ಟೆಂಬರ್ 15, ಸಂಜೆ

ಅಕ್ಮೂರ್ ಹೊರಟಳು. ಅಂಗಳದಲ್ಲಿ ಸಾಯ್ರಕಾನ್ ಹಾಡಿದಳು. ರಾಗ ಅತ್ತೆಯದು. ಪದ ಒಂದೂ ಅಲ್ಲ! ಒಣಮೊಸರಿನ ಉಂಡೆ ಕದ್ದು ಜೇಬಿಗೆ ತುಂಬಿಕೊಳ್ಳುತ್ತಿದ್ದದ್ದು, ಕುದುರೆಯಿಂದ ಬಿದ್ದು ಕುದುರೆಗೇ ಬೈದದ್ದು — ಅಕ್ಮೂರ್‌ಳ ಬಾಲ್ಯವೆಲ್ಲ ಹಾಡಾಯಿತು. ಹುಡುಗಿ ಅಳುತ್ತಾ ನಕ್ಕಳು.

ಕಾರು ಹೋದ ಮೇಲೆ ಕೇಳಿದೆ. "ಅಷ್ಟು ಸಲ ಕೇಳಿದ್ಯಲ್ಲೇ, ಆ ಸಾಲೆಲ್ಲ ಎಲ್ಲಿ?"

"ಅವು ನನಗೆ ಹಾಡಿದ್ದು ಕಣ್ರೀ. ಅವಳಿಗೆ ಹೇಗೆ ಕೊಡ್ಲಿ?"

ಕಿಟಕಿಯಲ್ಲಿ ಮೈಕು ಇಟ್ಟಿದ್ದೆ. ಖಾಲಿ ರೀಲು ಹಾಕಿದ್ದೆ. ಅವಳಿಗೆ ಹೇಳಿಲ್ಲ. ಈಗ ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದೆ. ಮೊದಲು ನಾಯಿ ಬೊಗಳಿತು. ಆಮೇಲೆ ಅವಳ ಉಸಿರು, ದನಿ... ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿದೆ. ಬರುತ್ತಿದ್ದಾಳೆ —